ರಾಮೇಶ್ವರದ ಹಾದಿ

ಕೆಲವು ದಿನಗಳ ಹಿಂದೆ ನನ್ನ ಮಿತ್ರರೊಬ್ಬರು ಒಂದು ಭೂಪಟವನ್ನೂ ಸೀಸದ ಕಡ್ಡಿಯನ್ನೂ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಸ್ವಂತ ಮೋಟಾರಿನಲ್ಲಿ ಸಂಸಾರಸಮೇತರಾಗಿ ರಾಮೇಶ್ವರಕ್ಕೆ ಹೊರಡಬೇಕೆಂಬುದು ಅವರ ಸಂಕಲ್ಪ. ಎಲ್ಲಿ ತಂಗಬೇಕು, ಎಲ್ಲಿ ಊಟ ಸಿಕ್ಕೀತು, ಯಾವ ಘಟ್ಟ ಇಳಿಯಬೇಕು ಎಂಬುದನ್ನೆಲ್ಲ ಗುರುತು ಮಾಡಿಕೊಂಡಾಗಿತ್ತು. ಕಡೆಗೆ ಅವರು ನನ್ನನ್ನು ಕೇಳಿದ ಪ್ರಶ್ನೆ ಒಂದೇ: “ರಾಯರೇ, ಸಮುದ್ರವನ್ನು ದಾಟುವುದಕ್ಕೆ ಎಷ್ಟು ಹೊತ್ತು ಬೇಕಾದೀತು?” “ಮೂರು ನಿಮಿಷ” ಎಂದೆ. ಅವರು ಅದನ್ನೂ ಬರೆದುಕೊಂಡು ಸಂತೋಷದಿಂದ ಹೊರಟುಹೋದರು.

ಅವರು ಹೋದಮೇಲೆ ನನಗೆ ಸಮಾಧಾನವಾಗಲಿಲ್ಲ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಆ ಮೂರು ನಿಮಿಷಗಳ ಹಾದಿಯನ್ನು ಮಾಡುವುದಕ್ಕೆ ಹಿಡಿದ ಕಾಲವೆಷ್ಟು, ಅದನ್ನು ಯಾರು ಯಾರಿಗಾಗಿ ಮಾಡಿದರು, ಅದರ ಮೇಲೆ ಹೋದವರು ಯಾರು, ಹೋಗಿ ಹಿಂದಿರುಗಿದವರು ಯಾರು ಎಂಬುದನ್ನು ಅವರಿಗೆ ಹೇಳದೆ ಕಳುಹಿಸಿಬಿಟ್ಟೆನಲ್ಲಾ ಎನ್ನಿಸಿತು. ಅಂದು ಹೇಳದೆ ಉಳಿದುದನ್ನೇ ಈ ಹೊತ್ತು ತಮ್ಮೆದುರಿಗೆ ಇಡಬೇಕೆಂದಿದ್ದೇನೆ. ರಾಮೇಶ್ವರಕ್ಕೆ ಹೊರಡುವ ಯೋಚನೆಯುಳ್ಳವರು ತಮ್ಮಲ್ಲಿಯೂ ಅನೇಕರಿದ್ದಾರು. ಅವರ ಗಂಟಿನಲ್ಲಿ ಈ ನಾಲ್ಕು ಮಾತುಗಳಿಗೂ ಸ್ಥಳವಿರಲಿ.

ಮೊದಲು ದಾರಿಯ ವಿಷಯ. ಬೆಂಗಳೂರಿನಿಂದ ಹೊರಡತಕ್ಕವರು ಹೊಸೂರು, ಸೇಲಂ, ದಿಂಡಿಗಲ್ಲುಗಳ ಮೇಲೆ ಮಧುರೆಗೆ ಬಂದು, ಅಲ್ಲಿಂದ ಮಾನಾಮಧುರೆ, ಪರಮಕುಡಿ, ರಾಮನಾಥಪುರಗಳನ್ನು ಹಾದು ಮಂಡಪವೆಂಬ ಊರನ್ನು ಸೇರಬೇಕು. ಒಟ್ಟಿನಲ್ಲಿ ಸುಮಾರು 600 ಕಿಲೋಮೀಟರುಗಳ ಪಯಣ. ಮೈಸೂರಿನವರಿಗೆ ಚಾಮರಾಜನಗರದಿಂದ ದಿಂಬಂ ಘಟ್ಟವನ್ನಿಳಿದು ಸತ್ಯಮಂಗಲದ ಕಡೆಯಿಂದ ಹೋಗುವ ದಾರಿಯುಂಟು. ಇಪ್ಪತ್ತೇಳು ತಿರುವುಗಳ ಆ ಘಟ್ಟವು ಕಣ್ಣಿಗೆ ಹಬ್ಬ. ಆದರೆ ಹುಲಿಗಳ ಕಾಡಾದ್ದರಿಂದ ರಾತ್ರಿಯ ಸಂಚಾರಕ್ಕೆ ಅಲ್ಲಿ ನಿರ್ಬಂಧವಿದೆ. ಹಗಲಿನಲ್ಲಿಯೇ ಇಳಿಯತಕ್ಕದ್ದು. ಇನ್ನು ಕಾಲ: ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯದ ಮಳೆಗಾಳಿಗಳು ಆ ಕರಾವಳಿಯನ್ನು ಹೊಡೆಯುತ್ತವೆ. ಸಂಕ್ರಾಂತಿ ಕಳೆದ ಮೇಲೆ, ಬಿಸಿಲು ಬಲಿಯುವುದಕ್ಕೆ ಮುಂಚೆ ಹೋಗುವುದು ಲೇಸು. ಡಿಸೆಂಬರಿನ ಸಮುದ್ರವನ್ನು ನಂಬಬಾರದೆಂಬುದಕ್ಕೆ ಒಂದು ದಾರುಣವಾದ ನಿದರ್ಶನವಿದೆ. ಅದನ್ನು ಮುಂದೆ ಹೇಳುತ್ತೇನೆ.

ರಾಮನಾಥಪುರವನ್ನು ಬಿಟ್ಟಮೇಲೆ ನೆಲದ ಬಣ್ಣವೇ ಬೇರೆಯಾಗುತ್ತದೆ. ತಾಳೆಯ ಮರಗಳು, ಸೀಮೆಜಾಲಿಯ ಪೊದೆಗಳು, ಬಿಳಿಯ ಮರಳು. ಭೂಮಿ ಎರಡು ಕಡೆಯಿಂದಲೂ ಕಿರಿದಾಗುತ್ತ ಬಂದು ಒಂದು ನಾಲಗೆಯಂತೆ ಸಮುದ್ರದೊಳಕ್ಕೆ ಚಾಚುತ್ತದೆ. ಎಡಗಡೆಗೆ ಪಾಕ್ ಕೊಲ್ಲಿ, ಬಲಗಡೆಗೆ ಮನ್ನಾರು ಕೊಲ್ಲಿ. ನಾಲಗೆಯ ತುದಿಯಲ್ಲಿ ಮಂಡಪ, ಎದುರಿಗೆ ಎರಡು ಕಿಲೋಮೀಟರುಗಳಷ್ಟು ನೀರು, ಅದರಾಚೆ ಪಾಂಬನ್. ಪಾಂಬನ್ನಿನಿಂದ ಆರಂಭವಾಗುವ ದ್ವೀಪವೇ ರಾಮೇಶ್ವರ. ಅದರ ಆಗ್ನೇಯದ ಕೊನೆ ಸಿಂಹಳದ ಕಡೆಗೆ ಬೆರಳು ತೋರಿಸುವಂತೆ ಕಡಲಿನಲ್ಲಿ ಉದ್ದವಾಗಿ ಚಾಚಿದೆ. ಅದೇ ಧನುಷ್ಕೋಟಿ. ಪುರಾತನ ಕಾಲದಲ್ಲಿ ಪಾಂಬನ್ನಿನ ಬಳಿ ನೆಲವು ಹೆಚ್ಚು ಕಡಿಮೆ ಒಂದಾಗಿಯೇ ಇದ್ದಿತೆಂದೂ, 15ನೆಯ ಶತಮಾನದ ಒಂದು ಬಿರುಗಾಳಿಯಲ್ಲಿ ಅದು ಕಡಿದುಹೋಯಿತೆಂದೂ ಆ ಪ್ರಾಂತದಲ್ಲಿ ಹೇಳುತ್ತ ಬಂದಿದ್ದಾರೆ. ಅಂದಿನಿಂದ ದಾಟುವುದೆಂದರೆ ದೋಣಿಯಿಂದಲೇ.

ನಮ್ಮವರಿಗೆ ರಾಮೇಶ್ವರ ಹೊಸದಲ್ಲ. ಕಾಶಿಯ ಮಾತು ಬಂದಲ್ಲಿ ರಾಮೇಶ್ವರದ ಮಾತೂ ಬರುವುದು ನಮ್ಮ ಭಾಷೆಯ ಜಾಯಮಾನ. ಸೇತುವಿನ ಮರಳನ್ನು ತೆಗೆದುಕೊಂಡು ಉತ್ತರಕ್ಕೆ ಹೋಗಿ ಗಂಗೆಯಲ್ಲಿ ವಿಸರ್ಜಿಸಿ, ಗಂಗೋದಕವನ್ನು ಹೊತ್ತು ತಂದು ರಾಮನಾಥನಿಗೆ ಅಭಿಷೇಕ ಮಾಡಿಸಿದರೆ ಯಾತ್ರೆ ಪೂರ್ಣವಾಯಿತೆಂದು ಹಿರಿಯರ ನಂಬಿಕೆ. ಉಗಿಬಂಡಿಯಿಲ್ಲದ ಕಾಲದಲ್ಲಿ ಇದು ಕಾಲ್ನಡಿಗೆಯ ವ್ರತ. ಹೊರಡುವವನು ಮನೆಯ ಲೆಕ್ಕಪತ್ರಗಳನ್ನು ತೀರಿಸಿ, ಬಂಧುಗಳಿಂದ ಬೀಳ್ಕೊಂಡು, ಹಿಂದಿರುಗಿದರೆ ದೈವಾಧೀನವೆಂದುಕೊಂಡೇ ಹೊರಡುತ್ತಿದ್ದನು. ಹಿಂದಿರುಗಿ ಬಂದವನಿಗೆ ಊರಿನಲ್ಲಿ ಬೇರೆಯೇ ಗೌರವ.

ಈ ಯಾತ್ರಿಕರ ದಾರಿಯನ್ನು ಕಾಯುವ ಹೊಣೆಯಿಂದಲೇ ಒಂದು ರಾಜವಂಶವು ಪ್ರಬಲಿಸಿತೆಂಬುದು ಇತಿಹಾಸದ ವಿಚಿತ್ರಗಳಲ್ಲೊಂದು. ರಾಮನಾಥಪುರದ ದೊರೆಗಳಿಗೆ ಸೇತುಪತಿಗಳೆಂದು ಹೆಸರು. ಸೇತುವಿಗೆ ಒಡೆಯರು, ಎಂದರೆ ಸೇತುವನ್ನು ಕಾಯತಕ್ಕವರು. 17ನೆಯ ಶತಮಾನದ ಆದಿಯಲ್ಲಿ ಮಧುರೆಯ ಮುತ್ತುಕೃಷ್ಣಪ್ಪ ನಾಯಕನು, ಯಾತ್ರಿಕರನ್ನು ದೋಚುತ್ತಿದ್ದ ಕಳ್ಳರ ಹಾವಳಿಯನ್ನು ಅಡಗಿಸುವುದಕ್ಕಾಗಿ ಮರವ ಕುಲದ ಸಡೈಕ್ಕ ತೇವನನ್ನು ಆ ಸೀಮೆಯ ಅಧಿಪತಿಯನ್ನಾಗಿ ನಿಲ್ಲಿಸಿದನು. ಆ ವಂಶದವರು ಸೇತುವಿನ ದಾರಿಯುದ್ದಕ್ಕೂ ಛತ್ರಗಳನ್ನು ಕಟ್ಟಿಸಿದರು, ದೇವಾಲಯವನ್ನು ಬೆಳೆಸಿದರು. ಇಂದು ಯಾತ್ರಿಕರು ಬೆರಗಾಗಿ ನೋಡುವ ಮೂರನೆಯ ಪ್ರಾಕಾರದ ಕಂಬಸಾಲುಗಳು 18ನೆಯ ಶತಮಾನದಲ್ಲಿ ಮುತ್ತುರಾಮಲಿಂಗ ಸೇತುಪತಿಯ ಕಾಲಕ್ಕೆ ಪೂರ್ತಿಯಾದುವು. ಅಲ್ಲಿಯ ಕಂಬಗಳು 1212 ಎಂದು ಎಣಿಸಿದ್ದಾರೆ. ಕಲ್ಲಿಗೆ ಬಡತನವಾದ ಆ ಮರಳಿನ ದ್ವೀಪದಲ್ಲಿ ಅಷ್ಟೊಂದು ಕಲ್ಲು ನಿಂತಿರುವುದನ್ನು ನೋಡಿದಾಗ, ಅದನ್ನು ನೀರಿನ ಮೇಲೆ ತಂದವರ ನೆನಪು ನಮಗೆ ಬರಬೇಕು.

ದೋಣಿಯ ಕಾಲದ ಕೊನೆಯ ಪ್ರಸಿದ್ಧ ಯಾತ್ರಿಕರಲ್ಲಿ ಸ್ವಾಮಿ ವಿವೇಕಾನಂದರೂ ಒಬ್ಬರು. ಪಶ್ಚಿಮ ದೇಶಗಳಿಂದ ಹಿಂದಿರುಗುವಾಗ ಅವರು ಸಿಂಹಳದಿಂದ ಸಮುದ್ರಮಾರ್ಗವಾಗಿ ಬಂದು, 1897ನೆಯ ಇಸವಿ ಜನವರಿ 26ರಂದು ಪಾಂಬನ್ನಿನಲ್ಲಿ ಇಳಿದರು. ಭಾಸ್ಕರ ಸೇತುಪತಿಯು ಅವರನ್ನು ಎದುರುಗೊಂಡನು. ಆಗ ಆ ನೀರಿನ ಮೇಲೆ ಸೇತುವೆಯಿರಲಿಲ್ಲ. ಮಂಡಪದವರೆಗೆ ರೈಲೂ ಬಂದಿರಲಿಲ್ಲ.

ಮಧುರೆಯಿಂದ ಮಂಡಪದವರೆಗೆ ರೈಲು ಬಂದದ್ದು 1902ರಲ್ಲಿ. ಪಾಂಬನ್ನಿನ ಸೇತುವೆಯ ಕೆಲಸ 1911ರಲ್ಲಿ ಆರಂಭವಾಗಿ, 1914ನೆಯ ಇಸವಿ ಫೆಬ್ರವರಿ 24ರಂದು ಅದರ ಮೇಲೆ ಸಂಚಾರಕ್ಕೆ ಅನುಮತಿಯಾಯಿತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅಷ್ಟು ದ್ರವ್ಯವನ್ನು ವ್ಯಯಮಾಡಿ ಸಮುದ್ರದ ಮೇಲೆ ಕಬ್ಬಿಣದ ಹಾದಿಯನ್ನು ಹಾಸಿದ್ದು ರಾಮನಾಥನ ದರ್ಶನಕ್ಕೆ ಬರುವವರ ಸೌಕರ್ಯಕ್ಕಾಗಿ ಅಲ್ಲ. ಇಂಗ್ಲಿಷರ ಕಣ್ಣು ಇದ್ದುದು ಕೊಲಂಬೋ ನಗರದ ಮೇಲೆ. ಮದರಾಸಿನಿಂದ ಹೊರಟ ರೈಲು ಪಾಂಬನ್ ಸೇತುವೆಯನ್ನು ದಾಟಿ ಧನುಷ್ಕೋಟಿಗೆ ಬರುವುದು. ಅಲ್ಲಿ ಪ್ರಯಾಣಿಕರು ಹಡಗನ್ನೇರಿ ಸುಮಾರು 35 ಕಿಲೋಮೀಟರು ಕಡಲನ್ನು ದಾಟಿ ತಲೈಮನ್ನಾರಿನಲ್ಲಿ ಇಳಿಯುವುದು. ಅಲ್ಲಿ ಕಾದಿರುವ ಇನ್ನೊಂದು ರೈಲಿನಲ್ಲಿ ಕೊಲಂಬೋ ಸೇರುವುದು. ಇದು ಆಗ ಮಾಡಿದ ಏರ್ಪಾಡು. ಹಡಗಿಗೆ ಹೊಂದಿಕೊಂಡಿದ್ದ ಆ ರೈಲನ್ನು ಜನರು ‘ಬೋಟ್ ಮೇಲ್’ ಎಂದು ಕರೆದರು.

ಸೇತುವೆಯ ರಚನೆಯೂ ಚಮತ್ಕಾರವಾದದ್ದೇ. ಪಾಂಬನ್ನಿನ ಕಾಲುವೆಯನ್ನು 19ನೆಯ ಶತಮಾನದಲ್ಲಿ ಆಳಗೊಳಿಸಿ ಸಣ್ಣ ಹಡಗುಗಳು ಹಾಯುವಂತೆ ಮಾಡಿದ್ದರು. ಆ ಹಡಗುಗಳಿಗೂ ಎಡೆಯಿರಬೇಕು, ರೈಲಿಗೂ ದಾರಿಯಿರಬೇಕು. ಇದಕ್ಕಾಗಿ ಷರ್ಜರ್ ಎಂಬ ಅಮೆರಿಕದ ಇಂಜನಿಯರನ ಹೆಸರಿನಿಂದ ಪ್ರಸಿದ್ಧವಾದ ಕ್ರಮದಲ್ಲಿ, ಸೇತುವೆಯ ಒಂದು ಅಂಕಣವನ್ನು ಎರಡು ಕದಗಳಂತೆ ಮಾಡಿ, ಹಡಗು ಬಂದಾಗ ಎರಡನ್ನೂ ಮೇಲಕ್ಕೆತ್ತುವಂತೆ ಅಳವಡಿಸಿದರು. ಆ ಕದಗಳನ್ನು ಎತ್ತುತ್ತಿದ್ದುದು ಯಂತ್ರವಲ್ಲ, ಕೂಲಿಯವರ ತೋಳುಗಳು. ಎರಡು ದಡಗಳ ಕಡೆಯಿಂದಲೂ ಆಳುಗಳು ನಿಂತು ಸನ್ನೆಗಳನ್ನು ತಿರುಗಿಸಿದಾಗ ಕಬ್ಬಿಣದ ಆ ಭಾರವು ಮೆಲ್ಲನೆ ಆಕಾಶದ ಕಡೆಗೆ ಏಳುತ್ತಿದ್ದಿತು.

ಬೋಟ್ ಮೇಲಿನ ಮೊದಲನೆಯ ತರಗತಿಯ ಕಿಟಕಿಯಲ್ಲಿ ಕುಳಿತವರಿಗೆ ಇದು ಸೊಗಸಾದ ದೃಶ್ಯ. ಆದರೆ ಅದೇ ಹಾದಿಯಲ್ಲಿ ಮೂರನೆಯ ತರಗತಿಯ ಡಬ್ಬಿಗಳಲ್ಲಿ ತುಂಬಿ ಹೋದವರು ಬೇರೆ. ಸಿಂಹಳದ ಬೆಟ್ಟಗಳಲ್ಲಿ ಕಾಫಿ, ಆಮೇಲೆ ಚಹಾ ತೋಟಗಳನ್ನು ಎಬ್ಬಿಸಿದವರು ಇಂಗ್ಲಿಷ್ ತೋಟಗಾರರು; ಅವುಗಳಲ್ಲಿ ದುಡಿದವರು ಮಧುರೆ, ತಿರುಚಿನಾಪಳ್ಳಿ, ಸೇಲಂ, ರಾಮನಾಥಪುರ ಸೀಮೆಗಳ ಬಡಜನರು. ರೈಲು ಬರುವುದಕ್ಕೆ ಮುಂಚೆ ಅವರು ಈ ಕರಾವಳಿಗೆ ನಡೆದು ಬಂದು, ದೋಣಿಗಳಲ್ಲಿ ಮನ್ನಾರಿಗೆ ದಾಟಿ, ಅಲ್ಲಿಂದ ಕಾಡುಗಳ ನಡುವೆ ಕಾಲ್ನಡಿಗೆಯಲ್ಲಿ ಬೆಟ್ಟಗಳಿಗೆ ಹೋಗುತ್ತಿದ್ದರು. ಜ್ವರದಿಂದಲೂ ವಾಂತಿಭೇದಿಯಿಂದಲೂ ದಾರಿಯಲ್ಲಿಯೇ ಬಿದ್ದವರು ಅಸಂಖ್ಯ. ರೈಲು ಬಂದಮೇಲೆ ಮಂಡಪದಲ್ಲಿ ಅವರಿಗಾಗಿ ಒಂದು ದೊಡ್ಡ ಶಿಬಿರವಾಯಿತು. ಅಲ್ಲಿ ಅವರನ್ನು ಕೆಲವು ದಿನ ತಡೆದಿಟ್ಟು, ದೇಹಪರೀಕ್ಷೆ ಮಾಡಿ, ರೋಗವಿಲ್ಲವೆಂದು ಖಚಿತವಾದ ಮೇಲೆ ಹಡಗಿಗೆ ಕಳುಹಿಸುತ್ತಿದ್ದರು. ಮಂಡಪ ಕ್ಯಾಂಪ್ ಎಂಬ ಹೆಸರು ರೈಲು ನಿಲ್ದಾಣಕ್ಕೆ ಬಂದದ್ದು ಇದರಿಂದಲೇ. ಒಂದೇ ಸೇತುವೆ, ಒಬ್ಬನಿಗೆ ವಿಹಾರ, ಒಬ್ಬನಿಗೆ ತೀರ್ಥ, ಇನ್ನೊಬ್ಬನಿಗೆ ಹೊಟ್ಟೆಯ ಪಾಡು.

ದ್ವೀಪದವರ ಬಾಳೂ ಈ ರೈಲಿನ ಸುತ್ತ ಹೆಣೆದುಕೊಂಡಿತು. ಮುಂದೆ ಭಾರತದ ರಾಷ್ಟ್ರಪತಿಯಾದ ಅಬ್ದುಲ್ ಕಲಾಂ ಅವರು 1931ರಲ್ಲಿ ರಾಮೇಶ್ವರದಲ್ಲಿ ಹುಟ್ಟಿದವರು. ಅವರ ತಂದೆ ಮರದ ದೋಣಿಯೊಂದನ್ನು ಕಟ್ಟಿ, ಹಿಂದೂ ಯಾತ್ರಿಕರನ್ನು ರಾಮೇಶ್ವರದಿಂದ ಧನುಷ್ಕೋಟಿಗೆ ಕರೆದೊಯ್ಯುತ್ತಿದ್ದರು. ಮಸೀದಿಯಲ್ಲಿ ನಮಾಜು ಮಾಡಿ ಬಂದ ಕೈ ಹುಟ್ಟು ಹಾಕಿದರೆ, ದೋಣಿಯಲ್ಲಿ ಕುಳಿತವರು ರಾಮನಾಮ ಹೇಳುತ್ತ ಸೇತುಸ್ನಾನಕ್ಕೆ ಹೋಗುತ್ತಿದ್ದರು. ಒಂದು ಚಂಡಮಾರುತದಲ್ಲಿ ಆ ದೋಣಿ ಕೊಚ್ಚಿಹೋಯಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ರಾಮೇಶ್ವರದ ನಿಲ್ದಾಣದಲ್ಲಿ ರೈಲು ನಿಲ್ಲುವುದು ತಪ್ಪಿದಾಗ, ಓಡುವ ಗಾಡಿಯಿಂದ ಹೊರಕ್ಕೆಸೆದ ವೃತ್ತಪತ್ರಿಕೆಯ ಕಟ್ಟುಗಳನ್ನು ಹಿಡಿದು ತರುವುದು ಬಾಲಕ ಕಲಾಂ ಅವರ ಮೊದಲ ಸಂಪಾದನೆಯಾಯಿತು.

ಇನ್ನು ಆ ದಾರುಣವಾದ ಡಿಸೆಂಬರಿನ ಮಾತು. 1964ನೆಯ ಇಸವಿಯು ಈ ಹಾದಿಯ ಚರಿತ್ರೆಯಲ್ಲಿ ಎರಡು ಪೆಟ್ಟುಗಳ ವರ್ಷ. ಒಂದನ್ನು ಮನುಷ್ಯರು ಕೊಟ್ಟರು, ಇನ್ನೊಂದನ್ನು ಸಮುದ್ರ ಕೊಟ್ಟಿತು. ಅಕ್ಟೋಬರ್ ತಿಂಗಳಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳಿಗೂ ಸಿರಿಮಾವೋ ಬಂಡಾರನಾಯಕೆಯವರಿಗೂ ಒಂದು ಒಪ್ಪಂದವಾಯಿತು. ಸಿಂಹಳದ ತೋಟಗಳಲ್ಲಿ ತಲೆಮಾರುಗಳಿಂದ ದುಡಿದು, ಯಾವ ದೇಶದ ಪ್ರಜೆಗಳೂ ಅಲ್ಲವೆನಿಸಿಕೊಂಡಿದ್ದ ಭಾರತೀಯ ಮೂಲದವರಲ್ಲಿ 5,25,000 ಜನರನ್ನು ಭಾರತವು ತನ್ನ ಪ್ರಜೆಗಳನ್ನಾಗಿ ಹಿಂದಕ್ಕೆ ಕರೆದುಕೊಳ್ಳುವುದು, 3,00,000 ಜನರಿಗೆ ಸಿಂಹಳವು ಪೌರತ್ವ ಕೊಡುವುದು, ಉಳಿದವರ ವಿಚಾರವನ್ನು ಮುಂದೆ ತೀರ್ಮಾನಿಸುವುದು ಎಂಬುದು ಅದರ ಸಾರಾಂಶ. ಅವರಲ್ಲಿ ಅನೇಕರು ಹುಟ್ಟಿದ್ದು ಸಿಂಹಳದಲ್ಲಿಯೇ. ‘ಹಿಂದಿರುಗುವ’ ದೇಶವನ್ನು ಅವರು ಕಂಡೇ ಇರಲಿಲ್ಲ.

ಇದಾದ ಎರಡು ತಿಂಗಳಿಗೆ, ಡಿಸೆಂಬರ್ 22ರ ನಡುರಾತ್ರಿ, ಪಾಂಬನ್ನಿನಿಂದ ಧನುಷ್ಕೋಟಿಗೆ ಹೊರಟ ಪ್ಯಾಸೆಂಜರ್ ರೈಲು ನಿಲ್ದಾಣ ಇನ್ನೇನು ಸಿಕ್ಕಿತೆನ್ನುವಷ್ಟರಲ್ಲಿ ಚಂಡಮಾರುತದ ಅಲೆಗೆ ಸಿಕ್ಕಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅದೇ ರಾತ್ರಿ ಧನುಷ್ಕೋಟಿಯ ನಿಲ್ದಾಣ, ಹಡಗುಕಟ್ಟೆ, ಸುಂಕದ ಕಚೇರಿ, ಅಂಚೆಯ ಮನೆ, ಇಗರ್ಜಿ, ಮನೆಮಠಗಳೆಲ್ಲವೂ ಹಾಳಾದುವು. ಆ ಬಿರುಗಾಳಿಯಲ್ಲಿ ಕಡಲಿನ ಎರಡು ಕಡೆಗಳಲ್ಲಿಯೂ ಸೇರಿ ಸತ್ತವರು ಸಾವಿರಕ್ಕೂ ಹೆಚ್ಚು. ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರವು ಧನುಷ್ಕೋಟಿಯನ್ನು ಕೈಬಿಟ್ಟಿತು. ಅಲ್ಲಿಯ ರೈಲುದಾರಿಯನ್ನು ಮತ್ತೆ ಹಾಕಲಿಲ್ಲ.

ಪಾಂಬನ್ ಸೇತುವೆಯ ನೂರಿಪ್ಪತ್ತಕ್ಕೂ ಹೆಚ್ಚು ತೊಲೆಗಳು ಅಂದು ಸಮುದ್ರದ ಪಾಲಾದುವು. ಷರ್ಜರ್ ಅಂಕಣ ಮಾತ್ರ ನಿಂತಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಭಾರವು ಶ್ರೀಧರನ್ ಎಂಬ ತರುಣ ಇಂಜನಿಯರರ ಮೇಲೆ ಬಿದ್ದಿತು. ಮೊದಲು ಆರು ತಿಂಗಳ ವಾಯಿದೆ ಕೊಟ್ಟಿದ್ದವರು ಅನಂತರ ಅದನ್ನು ಮೂರು ತಿಂಗಳಿಗೆ ಇಳಿಸಿದರು. ಮೀನುಗಾರರು ತೋರಿಸಿದ ಕಡೆಗಳಲ್ಲಿ ಮುಳುಗಿದ್ದ ತೊಲೆಗಳನ್ನೇ ಮೇಲಕ್ಕೆತ್ತಿಸಿ, ಶ್ರೀಧರನ್ ಅವರು 46 ದಿನಗಳಲ್ಲಿ ಸೇತುವೆಯನ್ನು ಸಜ್ಜುಗೊಳಿಸಿದರು. ನಮ್ಮ ಕಾರವಾರ, ಉಡುಪಿಗಳ ಕರಾವಳಿಯಲ್ಲಿ ಓಡುತ್ತಿರುವ ಕೊಂಕಣ ರೈಲನ್ನು ಮುಂದೆ ನಿರ್ಮಿಸಿದವರೂ ಇವರೇ.

ಸೇತುವೆ ಮತ್ತೆ ನಿಂತಿತು. ಅದರ ಮೇಲೆ ಬಂದವರು ಯಾರು? ಧನುಷ್ಕೋಟಿ ಅಳಿದುದರಿಂದ ಹಡಗು ರಾಮೇಶ್ವರಕ್ಕೇ ಬರತೊಡಗಿತು. ಒಪ್ಪಂದದ ಮೇರೆಗೆ ಹೊರಟ ತೋಟದ ಕುಟುಂಬಗಳು ತಲೈಮನ್ನಾರಿನಲ್ಲಿ ಅಳುತ್ತ ಹಡಗನ್ನೇರಿ, ರಾಮೇಶ್ವರದಲ್ಲಿಳಿದು, ಮಂಡಪದ ಅದೇ ಶಿಬಿರವನ್ನು ಸೇರಿದುವು. ಅಜ್ಜಂದಿರು ಹೋಗುವಾಗ ತಂಗಿದ್ದ ಕಡೆಯಲ್ಲಿಯೇ ಮೊಮ್ಮಕ್ಕಳು ಬರುವಾಗ ತಂಗಿದರು. ಅವರಲ್ಲಿ ಕೆಲವರು ನಮ್ಮ ನಾಡಿಗೂ ಬಂದರು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಸೀಮೆಗಳ ಸರ್ಕಾರಿ ರಬ್ಬರು ತೋಟಗಳಲ್ಲಿ ಅವರಿಗೆ ಕೆಲಸ ಕೊಟ್ಟು ನೆಲೆಗೊಳಿಸಿದರು. ಅವರ ಮಕ್ಕಳು ಕನ್ನಡ ಶಾಲೆಗಳಲ್ಲಿ ಓದಿದರು. ಹೀಗೆ ಈ ದೂರದ ಸೇತುವೆಯ ಚರಿತ್ರೆಯ ಒಂದು ಎಳೆ ನಮ್ಮ ಮಲೆಗಳ ಮಡಿಲಿಗೂ ಬಂದು ಸೇರಿದೆ. 1980ರ ದಶಕದಲ್ಲಿ ಸಿಂಹಳದ ಅಂತಃಕಲಹ ಹೆಚ್ಚಿ, ರಾಮೇಶ್ವರದ ಹಡಗು ನಿಂತಿತು. ಆಮೇಲೆ ಬಂದವರು ಕಳ್ಳದೋಣಿಗಳಲ್ಲಿ ಪ್ರಾಣವನ್ನು ಕೈಯಲ್ಲಿ ಹಿಡಿದು ಬಂದ ನಿರಾಶ್ರಿತರು. ಅವರಿಗೂ ಮಂಡಪದ ಶಿಬಿರವೇ ಆಶ್ರಯವಾಯಿತು. 2022ರಲ್ಲಿ ಅಲ್ಲಿ ಅನ್ನಕ್ಕೆ ಅಭಾವವಾದಾಗ ದಾಟಿ ಬಂದವರನ್ನೂ ಅಲ್ಲಿಯೇ ಇರಿಸಿದರು.

ಮೋಟಾರಿನವರ ಕಾಲ ಬಂದದ್ದು ತೀರ ಈಚೆಗೆ. 1988ರವರೆಗೆ ದ್ವೀಪಕ್ಕೆ ರೈಲಿನ ದಾರಿಯೊಂದೇ ಇದ್ದಿತು. ಆ ವರ್ಷದ ಅಕ್ಟೋಬರ್ 2ರಂದು ರಾಜೀವ್ ಗಾಂಧಿಯವರು ರಸ್ತೆಯ ಸೇತುವೆಯನ್ನು ತೆರೆದರು. ಇಂದಿರಾ ಗಾಂಧಿಯವರ ಹೆಸರಿನ ಆ ಸೇತುವೆಯ ಉದ್ದ 2.345 ಕಿಲೋಮೀಟರು. ನಾನು ಮಿತ್ರರಿಗೆ ಹೇಳಿದ ಮೂರು ನಿಮಿಷ ಇದರ ಮೇಲಿನದು. 2017ರಲ್ಲಿ ಧನುಷ್ಕೋಟಿಯನ್ನು ದಾಟಿ ಅರಿಚಲ್‌ಮುನೈ ಎಂಬ ಭೂಮಿಯ ತುದಿಯವರೆಗೂ ರಸ್ತೆಯಾಯಿತು. ಹಳೆಯ ರೈಲು ಸೇತುವೆಯ ಮೇಲಿನ ಸಂಚಾರವನ್ನು 2022ರ ಡಿಸೆಂಬರಿನಲ್ಲಿ ನಿಲ್ಲಿಸಿದರು. ಅದರ ಪಕ್ಕದಲ್ಲಿ ಕಟ್ಟಿದ ಹೊಸ ಸೇತುವೆ 2025ನೆಯ ಇಸವಿ ಏಪ್ರಿಲ್ 6ರಂದು ತೆರೆಯಿತು. ಇದರ 72.5 ಮೀಟರು ಉದ್ದದ ಅಂಕಣವು ಕದದಂತೆ ತೆರೆಯುವುದಿಲ್ಲ. ತೊಟ್ಟಿಲಿನಂತೆ ನೇರವಾಗಿ 17 ಮೀಟರು ಮೇಲಕ್ಕೇಳುತ್ತದೆ. ಸನ್ನೆ ತಿರುಗಿಸುವ ತೋಳುಗಳ ಕೆಲಸವನ್ನು ವಿದ್ಯುಚ್ಛಕ್ತಿ ಮಾಡುತ್ತದೆ.

ದೋಣಿ ಮೇಲೋ ಸೇತುವೆ ಮೇಲೋ ಎಂದು ನನ್ನನ್ನು ಕೇಳಿದರೆ, ಸೇತುವೆಯೇ ಮೇಲೆಂದು ಹೇಳುವೆನು. ದ್ವೀಪದ ರೋಗಿ ನಡುರಾತ್ರಿ ಮಧುರೆಯ ಆಸ್ಪತ್ರೆಗೆ ಹೋಗಬೇಕಾದಾಗ ದೋಣಿಯ ಸೌಂದರ್ಯದಿಂದ ಪ್ರಯೋಜನವಿಲ್ಲ. ದಡದಲ್ಲಿ ಕುಳಿತು ಗಾಳಿ ಇಳಿಯಲೆಂದು ಕಾಯುವ ಕಷ್ಟವನ್ನು ಕಾವ್ಯವನ್ನಾಗಿ ಮಾಡುವವರು ಆ ದಡದವರಲ್ಲ, ಹೊರಗಿನಿಂದ ಬಂದ ನಾವು. ಆದರೆ ಸೇತುವೆಗೆ ಒಂದು ದೋಷವುಂಟು. ಅದು ಕಾಯುವ ಹೊತ್ತನ್ನು ಉಳಿಸುವಾಗ ತಿಳಿಯುವ ಹೊತ್ತನ್ನೂ ಕಳೆದುಬಿಡುತ್ತದೆ. ದೋಣಿಯವನು ಯಾತ್ರಿಕನಿಗೆ ಗಾಳಿಯ ಹೆಸರು ಹೇಳುತ್ತಿದ್ದನು, ಮುಳುಗಿದವರ ಕಥೆ ಹೇಳುತ್ತಿದ್ದನು. ಡಾಂಬರು ಹಾದಿ ಏನನ್ನೂ ಹೇಳುವುದಿಲ್ಲ. ಅದು ಹೇಳದಿದ್ದುದನ್ನು ನಾವೇ ಕೇಳಿ ತಿಳಿದುಕೊಂಡು ಹೋಗಬೇಕು.

ಆದ್ದರಿಂದ ಹೊರಡುವವರಲ್ಲಿ ನನ್ನ ಬಿನ್ನಹವಿಷ್ಟೆ. ಮೂರು ಕಡೆ ಗಾಡಿಯನ್ನು ನಿಲ್ಲಿಸಿ. ಮೊದಲನೆಯದು ಮಂಡಪದಲ್ಲಿ, ಸೇತುವೆಯನ್ನು ಏರುವುದಕ್ಕೆ ಮುಂಚೆ. ಚಹಾ ಕುಡಿಯುವುದಿದ್ದರೆ ಅಲ್ಲಿಯೇ ಕುಡಿಯಿರಿ. ಆ ಎಲೆಯ ಚರಿತ್ರೆಗೂ ಆ ಊರಿಗೂ ಸಂಬಂಧವುಂಟೆಂಬುದನ್ನು ಮಕ್ಕಳಿಗೆ ಹೇಳಿರಿ. ಎರಡನೆಯದು ಪಾಂಬನ್ನಿನಲ್ಲಿ, ಸೇತುವೆಯನ್ನು ಇಳಿದ ಮೇಲೆ. ದಡದ ಮೇಲೆ ನಿಂತು ಮಂಡಪದ ಕಡೆಗೆ ಹಿಂದಿರುಗಿ ನೋಡಿರಿ, ಆ ಎರಡು ಕಿಲೋಮೀಟರು ನೀರು ಎಷ್ಟು ಅಗಲವೆಂಬುದು ಆಗ ತಿಳಿಯುತ್ತದೆ. ಮೂರನೆಯದು ಧನುಷ್ಕೋಟಿಯಲ್ಲಿ. ದೇವಾಲಯದ ಇಪ್ಪತ್ತೆರಡು ತೀರ್ಥಗಳಲ್ಲಿ ಮಿಂದು, ದರ್ಶನ ಮುಗಿಸಿ, ಬಿಸಿಲಿರುವಾಗಲೇ ಹೊರಡಿರಿ. ಕತ್ತಲಾದ ಮೇಲೆ ಅಲ್ಲಿರಲು ಬಿಡುವುದಿಲ್ಲ. ದಾರಿಯಲ್ಲಿ ವಿಭೀಷಣನು ಶರಣು ಬಂದನೆಂದು ಹೇಳುವ ಕೋದಂಡರಾಮನ ಗುಡಿ ಸಿಕ್ಕುತ್ತದೆ. ಆ ರಾತ್ರಿಯ ಬಿರುಗಾಳಿಯಲ್ಲಿ ಅದು ಉಳಿಯಿತು. ಮುಂದೆ ಇಗರ್ಜಿಯ ಮೋಟುಗೋಡೆಗಳು, ನಿಲ್ದಾಣದ ಅವಶೇಷಗಳು, ಅವುಗಳ ನಡುವೆ ಗುಡಿಸಲು ಹಾಕಿಕೊಂಡು ಶಂಖ ಕಪ್ಪೆಚಿಪ್ಪುಗಳನ್ನು ಮಾರುವ ಮೀನುಗಾರರ ಮನೆಗಳು. ಸರ್ಕಾರ ಬಿಟ್ಟ ಊರನ್ನು ಅವರು ಬಿಡಲಿಲ್ಲ.

ಮೊನ್ನೆ ನನ್ನ ಮಿತ್ರರು ಪಯಣವನ್ನು ಮುಗಿಸಿಕೊಂಡು ಬಂದರು. ತೀರ್ಥಪ್ರಸಾದವನ್ನೂ ಒಂದು ಶಂಖವನ್ನೂ ಕೊಟ್ಟು ಕುಳಿತರು. “ಹೇಗಾಯಿತು? ಮೂರು ನಿಮಿಷವೇ ಹಿಡಿಯಿತಷ್ಟೆ?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹೋಗುವಾಗ ಮೂರೇ ನಿಮಿಷ, ರಾಯರೇ” ಎಂದರು. “ಧನುಷ್ಕೋಟಿಯಲ್ಲಿ ಮುದುಕನೊಬ್ಬ ತನ್ನವರೆಲ್ಲರೂ ಆ ರಾತ್ರಿ ಹೋದ ಕಥೆಯನ್ನು ಹೇಳಿದ. ಬರುವಾಗ ಮಂಡಪ ಬೇಗ ಬರಲೇ ಇಲ್ಲ.”